ಪಿಎಸ್‌ಎ 6.8, ಆಮೇಲೆ 5.9: ಹೌದೂ ಅಲ್ಲ, ಇಲ್ಲವೂ ಅಲ್ಲ. ಈ ನಡುವಿನ ದಿನಗಳನ್ನು ನೀವೆಲ್ಲ ಹೇಗೆ ಕಳೆದಿರಿ?

ಕಲ್ಪತರು ನಾಡಿನವ | ಜೂನ್ 8, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನವನು, ವಯಸ್ಸು 64. ವಿದ್ಯುತ್ ಇಲಾಖೆಯ ಮೀಟರ್ ವಿಭಾಗದಲ್ಲಿ 31 ವರ್ಷ ದುಡಿದು ನಿವೃತ್ತನಾಗಿದ್ದೇನೆ. ಒಂದಿಷ್ಟು ತೆಂಗಿನ ತೋಟವಿದೆ, ಹೊತ್ತು ಹೋಗುತ್ತದೆ.

ಏಪ್ರಿಲ್‌ನಲ್ಲಿ ಪುಣೆಯಲ್ಲಿರುವ ಮಗ ನನ್ನ ಹುಟ್ಟುಹಬ್ಬಕ್ಕೆಂದು ಪೂರ್ತಿ ದೇಹ ತಪಾಸಣೆಯ ಪ್ಯಾಕೇಜ್ ಕೊಡಿಸಿದ. ಬೆಳಿಗ್ಗೆ ಆರೂವರೆಗೆ ಸ್ಕೂಟರ್‌ನಲ್ಲಿ ಬಂದ ಹುಡುಗ ನಾಲ್ಕು ಪುಟ್ಟ ಕೊಳವೆ ರಕ್ತ ತೆಗೆದುಕೊಂಡು ಹೋದ. ಸಂಜೆ ಮೊಬೈಲ್‌ಗೆ 18 ಪುಟದ ವರದಿ ಬಂತು. ಸಕ್ಕರೆ ಸರಿಯಿದೆ, ಕೊಬ್ಬು ಸ್ವಲ್ಪ ಮೇಲಿದೆ. ಹದಿಮೂರನೇ ಪುಟದ ಒಂದು ಸಾಲು ಮಾತ್ರ ದಪ್ಪಕ್ಷರದಲ್ಲಿತ್ತು: ಪಿಎಸ್‌ಎ 6.8. ನಾಲ್ಕರೊಳಗೆ ಇರಬೇಕು ಎಂದು ಪಕ್ಕದಲ್ಲಿ ಬರೆದಿತ್ತು. ಅದೇನೆಂದು ಆ ಹೊತ್ತಿಗೆ ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಹೋದದ್ದೇ ತಪ್ಪಾಯಿತು: ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನಂತೆ, ಹೆಚ್ಚಿದ್ದರೆ ಕ್ಯಾನ್ಸರ್ ಇರಲೂಬಹುದಂತೆ. ಆ ರಾತ್ರಿ ಎರಡು ಗಂಟೆಯವರೆಗೆ ಮೊಬೈಲ್ ಕೆಳಗಿಡಲಿಲ್ಲ.

ತುಮಕೂರಿನಲ್ಲಿ ಮೂತ್ರರೋಗ ತಜ್ಞರು ಬೆರಳಿನಿಂದ ಪರೀಕ್ಷಿಸಿ, ಗ್ರಂಥಿ ದೊಡ್ಡದಾಗಿದೆ, ಗಂಟು ಏನೂ ಸಿಗುತ್ತಿಲ್ಲ ಎಂದರು. ಆರು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟೆ, 5.9 ಬಂತು. ಬೆಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸಿದೆ. ಅದರಲ್ಲಿ ಪೈರ್ಯಾಡ್ಸ್ 3 ಎಂದು ಬಂದಿದೆ. ಕ್ಯಾನ್ಸರ್ ಅನುಮಾನ ಎಷ್ಟೆಂದು ಹೇಳುವ, ಒಂದರಿಂದ ಐದರವರೆಗಿನ ಅಳತೆಯಲ್ಲಿ ಸರಿಯಾಗಿ ನಡುಮಧ್ಯೆ. "ಸೂಜಿಯಿಂದ ಗ್ರಂಥಿಯ ಚೂರು ತೆಗೆದು ನೋಡುವ ಬಯಾಪ್ಸಿ ಈಗಲೇ ಮಾಡಬಹುದು, ಮೂರು ತಿಂಗಳು ಕಾದೂ ನೋಡಬಹುದು. ಯೋಚಿಸಿ ಹೇಳಿ" ಎಂದರು ವೈದ್ಯರು. ಯೋಚಿಸುವುದಕ್ಕೆ ನನ್ನ ಬಳಿ ಏನಿದೆ?

ಮೀಟರ್ ಜೋರಾಗಿ ಓಡುತ್ತಿದೆ ಎಂದು ಗ್ರಾಹಕರು ದೂರು ಕೊಟ್ಟರೆ ನಾವು ಪಕ್ಕದಲ್ಲಿ ಇನ್ನೊಂದು ಚೆಕ್ ಮೀಟರ್ ಕೂರಿಸುತ್ತಿದ್ದೆವು. ಕೆಲವು ದಿನ ಬಿಟ್ಟು ಎರಡರ ಅಂಕಿಯನ್ನೂ ತಾಳೆ ನೋಡಿದರೆ ತಕರಾರು ಮುಗಿಯುತ್ತಿತ್ತು. ಇಲ್ಲಿ ಯಾವ ಮೀಟರ್ ಕೂರಿಸಿದರೂ ಅದು ಹೊಸ ತಕರಾರನ್ನೇ ತರುತ್ತಿದೆ.

ಹೆಂಡತಿಗೆ ಹೇಳಿಲ್ಲ. ಪಿಂಚಣಿಯ ಜೀವಿತ ಪ್ರಮಾಣಪತ್ರ ಕೊಡಬೇಕಿತ್ತು ಎಂದು ಹೇಳಿ ಬೆಂಗಳೂರಿಗೆ ಹೋಗಿ ಬಂದೆ. ರಾತ್ರಿ ಎರಡು ಮೂರು ಸಲ ಏಳುತ್ತೇನೆ. ಏಳಿಸುವುದು ಮೂತ್ರವೋ ಭಯವೋ ತಿಳಿಯದು. ಔಷಧಿ ಕೇಳುತ್ತಿಲ್ಲ. ಈ ದಾರಿಯಲ್ಲಿ ನಡೆದವರಿದ್ದರೆ, ದಿನಗಳನ್ನು ಹೇಗೆ ದೂಡಿದಿರಿ ಎಂದು ಹೇಳಿ, ಸಾಕು.


ಗಾಂಧಿಬಜಾರಿನವ | ಜೂನ್ 9, ಬೆಳಿಗ್ಗೆ 6:15

ಸರ್, ಮೊದಲು ಕೆಲವು ಸಣ್ಣ ಪ್ರಶ್ನೆಗಳು. ಮೊದಲ ಸಲ ರಕ್ತ ಕೊಡುವ ಮುಂಚೆ ಉರಿಮೂತ್ರ, ಜ್ವರ ಏನಾದರೂ ಇತ್ತೇ? ಸೈಕಲ್ ತುಳಿಯುತ್ತೀರಾ? ಹಿಂದಿನ ಎರಡು ದಿನಗಳಲ್ಲಿ ದಾಂಪತ್ಯದ ವಿಷಯ, ಸಂಕೋಚ ಬೇಡ, ಅದೂ ಲೆಕ್ಕಕ್ಕೆ ಬರುತ್ತದೆ. ಇವೆಲ್ಲ ಪಿಎಸ್‌ಎಯನ್ನು ಏರಿಸಬಲ್ಲವು. ಪ್ಯಾಕೇಜ್‌ನವರು ಇದೊಂದನ್ನೂ ಕೇಳುವುದಿಲ್ಲ.

ಇಳಿಸುವ ಕಾರಣವೂ ಇದೆ. ಮೂತ್ರ ಸರಾಗವಾಗಲೆಂದು ಕೊಡುವ ಫಿನಾಸ್ಟೆರೈಡ್, ಡ್ಯುಟಾಸ್ಟೆರೈಡ್ ಮಾತ್ರೆಗಳನ್ನು ಆರು ತಿಂಗಳು ನುಂಗಿದರೆ ಅಂಕಿ ಸುಮಾರು ಅರ್ಧಕ್ಕೆ ಬರುತ್ತದೆ. ನಮ್ಮ ಮಾವನವರದು 3.1 ಬಂದಾಗ ಮನೆಯಲ್ಲಿ ಪಾಯಸ ಮಾಡಿದ್ದರು. ವೈದ್ಯರು ಮಾತ್ರೆ ಚೀಟಿ ನೋಡಿ, ಇದನ್ನು 6.2 ಎಂದು ಓದಿಕೊಳ್ಳಬೇಕು ಎಂದರು.


ಮಲೆನಾಡ ಮಳೆ | ಜೂನ್ 9, ಬೆಳಿಗ್ಗೆ 9:50

ಯಾರಿಗೂ ಬೇಸರವಾಗದಿರಲಿ. ಈ ಪರೀಕ್ಷೆಯನ್ನು ಮಾಡಿಸಿದ್ದೇ ತಪ್ಪು. ನಿಮಗೆ ತೊಂದರೆ ಇರಲಿಲ್ಲ, ಹುಟ್ಟುಹಬ್ಬದ ಉಡುಗೊರೆಯಾಗಿ ತೊಂದರೆ ಬಂತು. ನಮ್ಮ ಅಪ್ಪ 88 ವರ್ಷ ಬದುಕಿದರು. ಕೊನೆಗಾಲದಲ್ಲಿ ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಪ್ರಾಸ್ಟೇಟ್‌ನಲ್ಲಿ ಏನೋ ಇದೆ ಎಂದರು. ಅದು ಎಷ್ಟು ವರ್ಷದಿಂದ ಇತ್ತೋ, ಅಪ್ಪ ಅದರ ಜೊತೆಯಲ್ಲೇ ಅಡಿಕೆ ಸುಲಿಸಿದರು, ಎರಡು ಮೊಮ್ಮಕ್ಕಳ ಮದುವೆ ನೋಡಿದರು. ಹೋದದ್ದು ಹೃದಯಾಘಾತದಿಂದ.

ನಮ್ಮ ಸರ್ಕಾರದ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠ ಈ ಮೂರೇ ಇವೆ. ಪ್ರಾಸ್ಟೇಟ್ ಇಲ್ಲ. ಅಮೆರಿಕದ ತಜ್ಞರ ಕಾರ್ಯಪಡೆ 2012ರಲ್ಲಿ ಯಾರಿಗೂ ಬೇಡವೆಂದಿತು. 2018ರಲ್ಲಿ ಮಾತು ಬದಲಿಸಿ, 55ರಿಂದ 69 ವರ್ಷದವರು ವೈದ್ಯರ ಜೊತೆ ಮಾತಾಡಿ ತಾವೇ ನಿರ್ಧರಿಸಲಿ, 70 ದಾಟಿದವರಿಗೆ ಬೇಡ ಎಂದಿತು. ಹೇಳುವವರಿಗೇ ನಿಶ್ಚಯವಿಲ್ಲದ ಮೇಲೆ ನಾವೇಕೆ ನಿದ್ದೆ ಕೆಡಬೇಕು?


ಕರಿನೆಲ | ಜೂನ್ 9, ಮಧ್ಯಾಹ್ನ 1:05

ಮಲೆನಾಡಿನವರೇ, ನಿಮ್ಮ ತಂದೆಯವರ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ನಾವು ಗದಗ ಕಡೆಯವರು. ನಮ್ಮ ಅಣ್ಣ 61ನೇ ವಯಸ್ಸಿಗೆ ಸೊಂಟನೋವು ಎಂದು ಎಂಟು ತಿಂಗಳು ಎಣ್ಣೆ ತಿಕ್ಕಿಸಿಕೊಂಡ, ಬೆಲ್ಟ್ ಕಟ್ಟಿಕೊಂಡ. ತೋರಿಸಿದ ಕಡೆಯಲ್ಲೆಲ್ಲ ಬೆನ್ನಿನ ಚಿತ್ರ ತೆಗೆದರು, ನೋವಿನ ಗುಳಿಗೆ ಕೊಟ್ಟರು. ಕಡೆಗೆ ಒಬ್ಬ ಕಿರಿಯ ವೈದ್ಯೆ ರಕ್ತದಲ್ಲಿ ಪಿಎಸ್‌ಎ ನೋಡೋಣ ಎಂದಳು. 740 ಇತ್ತು. ಮೂಳೆಗೆ ಇಳಿದಿತ್ತು.

ಮೂರು ತಿಂಗಳಿಗೊಂದು ಇಂಜೆಕ್ಷನ್, ದಿನವೂ ಮಾತ್ರೆ. ಎರಡೂವರೆ ವರ್ಷವಾಯಿತು, ದೇವರ ದಯೆಯಿಂದ ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂರುತ್ತಾನೆ. ಆದರೆ ಐದು ವರ್ಷ ಮೊದಲು ಆ ಆರುನೂರು ರೂಪಾಯಿಯ ರಕ್ತ ಪರೀಕ್ಷೆ ಮಾಡಿಸಿದ್ದರೆ ಏನಾಗುತ್ತಿತ್ತು ಎಂದು ಅತ್ತಿಗೆ ಕೇಳುತ್ತಾಳೆ. ನನ್ನ ಬಳಿ ಉತ್ತರವಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಬೈಡನ್ ಅವರಿಗೇ 2025ರ ಮೇ ತಿಂಗಳಲ್ಲಿ, ಮೂಳೆಗೆ ಹರಡಿದ ಮೇಲೆ ಗೊತ್ತಾಯಿತು. ಹಾಗಿರುವಾಗ "ನಿದ್ದೆ ಕೆಡಬೇಡಿ" ಎನ್ನುವುದು ಸುಲಭ.


ಮಲೆನಾಡ ಮಳೆ | ಜೂನ್ 9, ಮಧ್ಯಾಹ್ನ 3:30

ಕರಿನೆಲದವರೇ, ಕ್ಷಮಿಸಿ. ಅಣ್ಣನವರ ವಿಷಯ ತಿಳಿದಿದ್ದರೆ ಆ ಧಾಟಿಯಲ್ಲಿ ಬರೆಯುತ್ತಿರಲಿಲ್ಲ. ಎಂಟು ತಿಂಗಳ ಸೊಂಟನೋವು ಬೇರೆ, ಏನೂ ಇಲ್ಲದವನಿಗೆ ಪ್ಯಾಕೇಜ್ ಮಾರುವುದು ಬೇರೆ ಎಂಬ ಮಾತನ್ನು ಮಾತ್ರ ಬಿಡಲಾರೆ.


ಗಾಜುಪಟ್ಟಿ | ಜೂನ್ 9, ರಾತ್ರಿ 9:20

ನಾನು ರೋಗಶಾಸ್ತ್ರದ ವೈದ್ಯೆ. ಸೂಕ್ಷ್ಮದರ್ಶಕದ ಕೆಳಗೆ ಈ ಗ್ರಂಥಿಯ ಚೂರುಗಳನ್ನು ನೋಡುವುದು ನನ್ನ ನಿತ್ಯದ ಕೆಲಸ. ಮೇಲೆ ಜಗಳವಾಡಿದ ಇಬ್ಬರೂ ನಿಜವನ್ನೇ ಹೇಳಿದ್ದಾರೆ, ಕಷ್ಟವಿರುವುದೂ ಅಲ್ಲೇ.

ನಾಲ್ಕು ಎಂಬ ಗೆರೆಯನ್ನು ದೇವರು ಎಳೆದದ್ದಲ್ಲ. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಪಿಎಸ್‌ಎ ನಾಲ್ಕನ್ನು ಎಂದೂ ದಾಟದ 2,950 ಗಂಡಸರಿಗೆ ಬಯಾಪ್ಸಿ ಮಾಡಿದರು. ನೂರಕ್ಕೆ 15 ಮಂದಿಯಲ್ಲಿ ಕ್ಯಾನ್ಸರ್ ಸಿಕ್ಕಿತು. ಇನ್ನೊಂದು ಕಡೆ, ನಾಲ್ಕರಿಂದ ಹತ್ತರ ನಡುವೆ ಇದ್ದು ಬಯಾಪ್ಸಿಗೆ ಬಂದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇರುತ್ತದೆ, ಮೂವರಿಗೆ ಇರುವುದಿಲ್ಲ. ಹಾಗಾಗಿ ಇದು ತೀರ್ಪು ಕೊಡುವ ಪರೀಕ್ಷೆಯಲ್ಲ. ನಾಯಿ ಬೊಗಳಿದಂತೆ. ಕಳ್ಳನಿಗೂ ಬೊಗಳುತ್ತದೆ, ಪೋಸ್ಟ್‌ಮ್ಯಾನ್‌ಗೂ ಬೊಗಳುತ್ತದೆ, ಒಮ್ಮೊಮ್ಮೆ ಕಳ್ಳ ಬಂದಾಗ ಮಲಗಿಯೂ ಇರುತ್ತದೆ.

ಕಲ್ಪತರು ಅವರೇ, ಚೆಕ್ ಮೀಟರ್ ಎಂದು ಬೇರೆ ಬೇರೆ ಲ್ಯಾಬ್‌ಗೆ ಓಡಬೇಡಿ. ಒಂದೊಂದು ಕಡೆಯ ಯಂತ್ರ, ರಾಸಾಯನಿಕ ಬೇರೆ ಇರುವುದರಿಂದ ಅದೇ ರಕ್ತಕ್ಕೆ ಬೇರೆ ಅಂಕಿ ಬರಬಹುದು. ಪ್ರತಿ ಸಲವೂ ಒಂದೇ ಲ್ಯಾಬ್‌ನಲ್ಲಿ ಕೊಡಿ. ಒಂದು ಅಂಕಿಗಿಂತ ಅಂಕಿಗಳ ನಡಿಗೆ ಮುಖ್ಯ.

ಇನ್ನೊಂದು ಪ್ರಶ್ನೆ. ಎಂಆರ್‌ಐ ವರದಿಯಲ್ಲಿ ಗ್ರಂಥಿಯ ಗಾತ್ರ ಎಷ್ಟೆಂದು ಬರೆದಿದ್ದಾರೆ?


ಕಲ್ಪತರು ನಾಡಿನವ | ಜೂನ್ 9, ರಾತ್ರಿ 10:45

58 ಮಿಲಿಲೀಟರ್ ಎಂದಿದೆ ಮೇಡಂ.


ಗಾಜುಪಟ್ಟಿ | ಜೂನ್ 9, ರಾತ್ರಿ 11:00

5.9ನ್ನು 58ರಿಂದ ಭಾಗಿಸಿ. 0.10 ಬರುತ್ತದೆ. ದೊಡ್ಡ ಗ್ರಂಥಿ ಹೆಚ್ಚು ಪಿಎಸ್‌ಎ ಸುರಿಸುವುದು ಸಹಜ, ಅದಕ್ಕೇ ಈ ಭಾಗಾಕಾರ. 0.15ಕ್ಕಿಂತ ಕಡಿಮೆ ಇದ್ದು ಪೈರ್ಯಾಡ್ಸ್ 3 ಇದ್ದರೆ ಕಾಯಬಹುದು ಎನ್ನುವ ಮೂತ್ರರೋಗ ತಜ್ಞರು ಬಹಳ ಮಂದಿ ಇದ್ದಾರೆ. ನಿಮ್ಮ ವೈದ್ಯರು ಎರಡು ದಾರಿ ತೋರಿಸಿದ್ದು ಕೈ ತೊಳೆದುಕೊಳ್ಳಲು ಅಲ್ಲ, ನಿಜವಾಗಿಯೂ ಎರಡು ದಾರಿ ಇರುವುದರಿಂದ. ತಂದೆ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತೇ, ತಾಯಿ ಅಕ್ಕತಂಗಿಯರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತೇ ಎಂಬುದನ್ನು ಮಾತ್ರ ಅವರಿಗೆ ಹೇಳಿರಿ. ಇದ್ದರೆ ಲೆಕ್ಕ ಬದಲಾಗುತ್ತದೆ.


ನಿರ್ವಾಹಕರು | ಜೂನ್ 10

ಕುಂಬಳಬೀಜದ ಪುಡಿಯಿಂದ 21 ದಿನಗಳಲ್ಲಿ ಪಿಎಸ್‌ಎ ಇಳಿಸುವುದಾಗಿ ಹೇಳಿದ ಎರಡು ಪ್ರತಿಕ್ರಿಯೆಗಳನ್ನು ತೆಗೆದುಹಾಕಿದ್ದೇವೆ. ದಯವಿಟ್ಟು ಮತ್ತೆ ಹಾಕಬೇಡಿ.


ಶ್ರೀರಂಗಪಟ್ಟಣದಿಂದ | ಜೂನ್ 10, ಸಂಜೆ 5:30

ತಿಪಟೂರಿನ ಅಣ್ಣನವರಿಗೆ ನಮಸ್ಕಾರ. ನೀವು ಕೇಳಿದ್ದು ದಿನ ದೂಡುವುದು ಹೇಗೆ ಎಂದು. ಉಳಿದವರು ಅಂಕಿಗಳನ್ನು ಹೇಳಿದ್ದಾರೆ, ನಾನು ದಿನಗಳನ್ನು ಹೇಳುತ್ತೇನೆ.

ನನಗೆ ನಾಲ್ಕು ವರ್ಷದ ಹಿಂದೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಸಿಕ್ಕಿತು. ಹನ್ನೆರಡು ಚೂರಿನಲ್ಲಿ ಎರಡರಲ್ಲಿ ಮಾತ್ರ, ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವ ಗ್ಲೀಸನ್ ದರ್ಜೆ 3+3. ಅದಕ್ಕಿಂತ ಕೆಳಗಿನ ದರ್ಜೆ ಈಗ ಯಾರೂ ಬರೆಯುವುದಿಲ್ಲವಂತೆ. ಶಸ್ತ್ರಕ್ರಿಯೆ ಬೇಡ, ಕಣ್ಣಿಟ್ಟಿರೋಣ ಎಂದರು. ಆರು ತಿಂಗಳಿಗೊಮ್ಮೆ ರಕ್ತ, ಒಂದು ವರ್ಷಕ್ಕೆ ಮತ್ತೆ ಬಯಾಪ್ಸಿ, ನಡುನಡುವೆ ಎಂಆರ್‌ಐ. ಮನೆಯಲ್ಲಿ ಒಂದು ಹಾವು ಇದೆ, ಆದರೆ ಅದು ಕೇರೆ ಹಾವಿನಂತೆ ಕಾಣುತ್ತಿದೆ, ಇರಲಿ ಬಿಡಿ ಎಂದಂತೆ. ಮೊದಲ ವರ್ಷ ನಾನು ಮನುಷ್ಯನಾಗಿರಲಿಲ್ಲ.

ಒಂದು ನೋಟ್‌ಬುಕ್ ಇಟ್ಟಿದ್ದೆ. ಪ್ರತಿ ಪಿಎಸ್‌ಎಯನ್ನೂ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆಯುತ್ತಿದ್ದೆ. 5.1, 5.6, 4.9, 5.8. ಗೆರೆ ಮೇಲೆ ಹೋದ ಸಲ ಊಟ ಸೇರುತ್ತಿರಲಿಲ್ಲ, ಕೆಳಗೆ ಬಂದ ಸಲ ಲ್ಯಾಬ್‌ನವರು ತಪ್ಪು ಮಾಡಿರಬಹುದು ಎಂಬ ಅನುಮಾನ. ಒಂದು ದಿನ ಮಗಳು ಆ ಹಾಳೆಯನ್ನು ನೋಡಿ, "ಅಪ್ಪಾ, ಗೆರೆಯನ್ನು ಅಳತೆಪಟ್ಟಿ ಇಟ್ಟು ಅಲ್ಲ, ನಡುಗುವ ಕೈಯಿಂದ ಎಳೆದಿದ್ದೀರಿ, ಅದಕ್ಕೇ ಇಷ್ಟು ಏರಿಳಿತ" ಎಂದಳು. ತಮಾಷೆಗೆ ಹೇಳಿದಳು. ಆದರೆ ನೋಟ್‌ಬುಕ್ ತೆಗೆದುಕೊಂಡು ಹೋದಳು, ಇನ್ನೂ ವಾಪಸ್ ಕೊಟ್ಟಿಲ್ಲ.

ಈಗಿನ ವ್ಯವಸ್ಥೆ ಹೀಗಿದೆ. ವರದಿ ನನ್ನ ಮೊಬೈಲ್‌ಗೆ ಬರುವುದಿಲ್ಲ, ಮಗಳಿಗೆ ಹೋಗುತ್ತದೆ. ಅವಳು ಅಂಕಿ ಹೇಳುವುದಿಲ್ಲ. "ಡಿಸೆಂಬರ್‌ನಲ್ಲಿ ನೋಡೋಣ" ಎನ್ನುತ್ತಾಳೆ, ಇಲ್ಲವೇ "ಡಾಕ್ಟರನ್ನು ನೋಡಿ ಬರೋಣ" ಎನ್ನುತ್ತಾಳೆ. ಎಲ್ಲರಿಗೂ ಇದು ಒಗ್ಗುವುದಿಲ್ಲ. ನನ್ನ ಸ್ನೇಹಿತನೊಬ್ಬ ಅಂಕಿ ಗೊತ್ತಿಲ್ಲದಿದ್ದರೇ ಹುಚ್ಚನಾಗುತ್ತಾನೆ.

ರಕ್ತ ಕೊಟ್ಟು ವರದಿ ಬರುವವರೆಗಿನ ಒಂದೂವರೆ ದಿನ ಮಾತ್ರ ಇಂದಿಗೂ ಕಷ್ಟ. ಆ ದಿನ ನಾನು ಮನೆಯ ಎಲ್ಲ ಬೀಗಗಳಿಗೆ ಎಣ್ಣೆ ಬಿಡುತ್ತೇನೆ. ನಮ್ಮ ಮನೆಯಷ್ಟು ಸರಾಗವಾಗಿ ತೆರೆಯುವ ಬಾಗಿಲು ಪೂರ್ತಿ ತಾಲ್ಲೂಕಿನಲ್ಲಿ ಇರಲಾರದು.


ಹಾಸನದ ಅಕ್ಕ | ಜೂನ್ 10, ರಾತ್ರಿ 8:10

ಇಲ್ಲಿ ಎಲ್ಲರೂ ಗಂಡಸರ ಮಾತನ್ನೇ ಆಡುತ್ತಿದ್ದೀರಿ. ಕಲ್ಪತರು ಅವರೇ, ಹೆಂಡತಿಗೆ ಗೊತ್ತಿಲ್ಲ ಎಂದು ನಂಬಿದ್ದೀರಲ್ಲ, ಅದೊಂದೇ ಈ ಪುಟದಲ್ಲಿ ನನಗೆ ನಗು ತರಿಸಿದ ಮಾತು. ನಮ್ಮ ಮನೆಯವರು ಫೈಲನ್ನು ದೇವರ ಪಟದ ಹಿಂದೆ ಇಟ್ಟಿದ್ದರು. ಶುಕ್ರವಾರ ಪಟ ಒರೆಸುವವರು ಯಾರು? ಎರಡು ತಿಂಗಳು ನಾನೂ ಗೊತ್ತಿಲ್ಲದವಳಂತೆ ಇದ್ದೆ. ಅವರು ಹೆದರಿ ಸುಮ್ಮನಿದ್ದರು, ಅವರು ಹೇಳುತ್ತಿಲ್ಲವಲ್ಲ, ಬಹಳ ದೊಡ್ಡದೇ ಇರಬೇಕು ಎಂದು ನಾನು ಅದಕ್ಕಿಂತ ಹೆಚ್ಚು ಹೆದರಿದ್ದೆ. ಒಂದೇ ಹಾಸಿಗೆಯಲ್ಲಿ ಇಬ್ಬರು ನಿದ್ದೆ ಬಂದವರಂತೆ ನಟಿಸುವುದು ಎಷ್ಟು ದಣಿವಿನ ಕೆಲಸ ಗೊತ್ತೇ? ನಾಳೆ ಬೆಳಿಗ್ಗೆ ಕಾಫಿ ಹೊತ್ತಿಗೆ ಹೇಳಿಬಿಡಿ.


ಲೀಡ್ಸ್ ಕನ್ನಡಿಗ | ಜೂನ್ 11

ದಾವಣಗೆರೆಯವನು, ಇಂಗ್ಲೆಂಡಿಗೆ ಬಂದು 22 ವರ್ಷವಾಯಿತು. ನನಗೀಗ 57. ಇಲ್ಲಿ ಎಲ್ಲರನ್ನೂ ಕರೆದು ಪಿಎಸ್‌ಎ ಮಾಡುವುದಿಲ್ಲ. ಐವತ್ತು ದಾಟಿದವನು ತಾನಾಗಿ ಕೇಳಿದರೆ, ಸಾಧಕ ಬಾಧಕಗಳನ್ನು ವಿವರಿಸಿ ಆಮೇಲೆ ಮಾಡುತ್ತಾರೆ. ನಾನು ಕೇಳಿದೆ, 4.7 ಬಂತು. ನೇರವಾಗಿ ಸೂಜಿ ಹಿಡಿಯದೆ ಮೊದಲು ಎಂಆರ್‌ಐಗೆ ಕಳಿಸಿದರು. 2018ರ ಒಂದು ಅಧ್ಯಯನದಲ್ಲಿ ಹೀಗೆ ಎಂಆರ್‌ಐ ಮೊದಲು ಮಾಡಿದವರಲ್ಲಿ ನೂರಕ್ಕೆ 28 ಮಂದಿಗೆ ಬಯಾಪ್ಸಿಯೇ ಬೇಕಾಗಲಿಲ್ಲ, ಅಷ್ಟಾದರೂ ಅಪಾಯಕಾರಿ ಕ್ಯಾನ್ಸರ್ ಸಿಕ್ಕ ಪ್ರಮಾಣ ಹೆಚ್ಚೇ ಆಯಿತು. ನನ್ನದು ಪೈರ್ಯಾಡ್ಸ್ 2. ವರ್ಷಕ್ಕೊಮ್ಮೆ ರಕ್ತ ಕೊಡು ಎಂದು ಮನೆಗೆ ಕಳಿಸಿದರು.

ನಾನು ಹೇಳಬೇಕೆಂದಿದ್ದು ಬೇರೆ. ಆ ಮೂರು ವಾರಗಳಲ್ಲಿ ಇಲ್ಲಿನ ನರ್ಸ್ ಹತ್ತಿರ ಎಲ್ಲವನ್ನೂ ಇಂಗ್ಲಿಷಿನಲ್ಲಿ ನಾಚಿಕೆಯಿಲ್ಲದೆ ಮಾತಾಡಿದೆ. ಅಮ್ಮನಿಗೆ ಫೋನ್ ಮಾಡಿ ಕನ್ನಡದಲ್ಲಿ ಹೇಳಲು ಹೋದರೆ ಪದವೇ ಸಿಗಲಿಲ್ಲ. "ಕೆಳಗಿನ ತೊಂದರೆ" ಎಂದೆ. ಅಮ್ಮ ಮೂಲವ್ಯಾಧಿ ಎಂದುಕೊಂಡು ಮೂಲಂಗಿ ತಿನ್ನು, ಮಜ್ಜಿಗೆ ಕುಡಿ ಎಂದರು. ಇಂದಿಗೂ ವಾರಕ್ಕೊಮ್ಮೆ ಮೂಲಂಗಿ ತಿಂದೆಯಾ ಎಂದು ಕೇಳುತ್ತಾರೆ. ಹೂಂ ಎನ್ನುತ್ತೇನೆ.


ಕಲ್ಪತರು ನಾಡಿನವ | ಜೂನ್ 13, ಬೆಳಿಗ್ಗೆ 7:20

ಅಕ್ಕಾ, ನೀವು ಗೆದ್ದಿರಿ.

ನಿನ್ನೆ ಬೆಳಿಗ್ಗೆ ಹೇಳಿದೆ. ಅವಳು ಕಾಫಿ ಲೋಟವನ್ನು ಕೆಳಗಿಡದೆ ಕೇಳಿಸಿಕೊಂಡಳು. ಆಮೇಲೆ, "ಜೀವಿತ ಪ್ರಮಾಣಪತ್ರ ಕೊಡುವುದು ನವೆಂಬರ್‌ನಲ್ಲಿ. ಮೇ ತಿಂಗಳಲ್ಲಿ ಯಾವ ಸರ್ಕಾರ ಕೇಳುತ್ತದೆ ರೀ?" ಎಂದಳು. ಮೂವತ್ತೈದು ವರ್ಷ ನನ್ನ ಸಂಬಳ, ಪಿಂಚಣಿ ಲೆಕ್ಕ ಇಟ್ಟವಳು. ಆ ಸುಳ್ಳನ್ನು ಇನ್ನೊಬ್ಬರಿಗೆ ಹೇಳಬಹುದಿತ್ತು. ಪ್ಯಾಕೇಜ್‌ನ ವರದಿಯನ್ನು ಮಗ ಅವಳ ಮೊಬೈಲ್‌ಗೂ ಕಳಿಸಿದ್ದನಂತೆ. ಹದಿಮೂರನೇ ಪುಟವನ್ನು ನನಗಿಂತ ಮೊದಲು ಅವಳೇ ನೋಡಿದ್ದಳು.

ಇಬ್ಬರೂ ಕೂತು ಕಾಯೋಣ ಎಂದು ತೀರ್ಮಾನಿಸಿದೆವು. ಸೆಪ್ಟೆಂಬರ್‌ನಲ್ಲಿ ಅದೇ ಲ್ಯಾಬ್‌ನಲ್ಲಿ ರಕ್ತ. ನಮ್ಮ ವಂಶದಲ್ಲಿ ಯಾರಿಗೂ ಇದ್ದಂತಿಲ್ಲ. ಇದ್ದರೂ ಆಗ ಹೆಸರಿಡುವವರು ಯಾರಿದ್ದರು?


ಗಾಂಧಿಬಜಾರಿನವ | ಜೂನ್ 13

ಇದೇ ಇಡೀ ಚರ್ಚೆಯ ಅತ್ಯುತ್ತಮ ವರದಿ ಸರ್.


ಕಲ್ಪತರು ನಾಡಿನವ | ಸೆಪ್ಟೆಂಬರ್ 14

6.4 ಬಂದಿದೆ. ಏರಿತು ಎನ್ನಲೇ, ಅಲ್ಲೇ ಇದೆ ಎನ್ನಲೇ? ವೈದ್ಯರೂ ಭುಜ ಕುಣಿಸಿದರು, ಪಾಪ. ನನಗೆ ಸಾಕಾಗಿದೆ. ಬಯಾಪ್ಸಿ ಮಾಡಿಸಿಬಿಡುತ್ತೇನೆ. ಮಾಡಿಸಿಕೊಂಡವರು ಅನುಭವ ಹೇಳಿ. ಮುಚ್ಚಿಡಬೇಡಿ.


ಶ್ರೀರಂಗಪಟ್ಟಣದಿಂದ | ಸೆಪ್ಟೆಂಬರ್ 14

ಅಣ್ಣಾ, ನಾನು ಎರಡು ಬಗೆಯನ್ನೂ ಕಂಡಿದ್ದೇನೆ. ಮೊದಲನೆಯದು ಗುದದ್ವಾರದ ಮೂಲಕ, ಎರಡನೆಯದು ವೃಷಣ ಮತ್ತು ಗುದದ ನಡುವಿನ ಚರ್ಮದ ಮೂಲಕ. ಎರಡನೆಯದರಲ್ಲಿ ಸೋಂಕಿನ ಭಯ ಕಡಿಮೆ. ನಮ್ಮ ದೇಶದಲ್ಲಿ ಎಷ್ಟೋ ರೋಗಾಣುಗಳಿಗೆ ಮಾಮೂಲಿ ಪ್ರತಿಜೀವಕಗಳು ತಾಗದೆ ಇರುವುದರಿಂದ ಯಾವ ಬಗೆ ಎಂದು ಮೊದಲೇ ಕೇಳಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ, ನೀವಾಗಿ ನಿಲ್ಲಿಸಬೇಡಿ.

ಮರಗಟ್ಟಿಸುವ ಸೂಜಿ ಚುಚ್ಚುವಾಗ ಉರಿಯುತ್ತದೆ. ಆಮೇಲೆ ನೋವಿಗಿಂತ ಸದ್ದು. ಪ್ರತಿ ಚೂರಿಗೂ ಸ್ಪ್ರಿಂಗ್ ಬಿಟ್ಟಂತೆ "ಟಪ್" ಎನ್ನುತ್ತದೆ. ನಾನು ಎಣಿಸುತ್ತಿದ್ದೆ. ಏಳಕ್ಕೆ ಲೆಕ್ಕ ತಪ್ಪಿತು. ಮೂತ್ರದಲ್ಲಿ ಕೆಲವು ದಿನ ರಕ್ತ ಕಾಣುತ್ತದೆ, ವೀರ್ಯದಲ್ಲಿ ಕೆಲವು ವಾರ, ಬಣ್ಣ ನೋಡಿ ಗಾಬರಿಯಾಗಬೇಡಿ. ಆದರೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.


ಮಲೆನಾಡ ಮಳೆ | ಸೆಪ್ಟೆಂಬರ್ 15

ನಾನು ಬೇಡ ಎನ್ನುವವನೇ. ಆದರೂ ಒಂದು ಮಾತು. ಮಾಡಿಸುವ ಮುಂಚೆಯೇ, ಸಣ್ಣದು ಸಿಕ್ಕರೆ ಏನು ಮಾಡುತ್ತೇನೆ ಎಂದು ನಿರ್ಧರಿಸಿಕೊಳ್ಳಿ. ಆ ಹೆಸರು ಕೇಳಿದ ಕೂಡಲೇ "ಕಿತ್ತು ಬಿಸಾಡಿ" ಎನ್ನುವವರೇ ಹೆಚ್ಚು. ಕಿತ್ತ ಮೇಲೆ ಮೂತ್ರ ಸೋರುವುದು, ಗಂಡಸುತನ ಕುಗ್ಗುವುದು ಇವನ್ನೆಲ್ಲ ಆಮೇಲೆ ಓದುತ್ತಾರೆ.


ಲೀಡ್ಸ್ ಕನ್ನಡಿಗ | ಸೆಪ್ಟೆಂಬರ್ 15

ಇದಕ್ಕೆ ಇಲ್ಲಿ ನಡೆದ ದೊಡ್ಡ ಅಧ್ಯಯನವೊಂದಿದೆ, ಹೆಸರು ಪ್ರೊಟೆಕ್ಟ್. ಗ್ರಂಥಿಯೊಳಗೇ ಉಳಿದಿದ್ದ ಕ್ಯಾನ್ಸರ್‌ನ 1,643 ಗಂಡಸರನ್ನು ಶಸ್ತ್ರಕ್ರಿಯೆ, ವಿಕಿರಣ, ನಿಗಾ ಎಂದು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. 15 ವರ್ಷದ ಫಲಿತಾಂಶ 2023ರಲ್ಲಿ ಬಂತು. ಯಾವ ಗುಂಪಿನಲ್ಲೂ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸತ್ತವರು ನೂರಕ್ಕೆ ಮೂವರ ಆಸುಪಾಸು, ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಮಲೆನಾಡಿನವರು ಕುಣಿಯುವ ಮುಂಚೆ ಇದನ್ನೂ ಓದಲಿ: ಬೇರೆ ಕಡೆಗೆ ಹರಡಿದ್ದು ನಿಗಾ ಗುಂಪಿನಲ್ಲಿ ನೂರಕ್ಕೆ 9, ಉಳಿದೆರಡರಲ್ಲಿ 5. ನಿಗಾದಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ 15 ವರ್ಷಗಳೊಳಗೆ ಶಸ್ತ್ರಕ್ರಿಯೆಯನ್ನೋ ವಿಕಿರಣವನ್ನೋ ಪಡೆದರು.


ಕರಿನೆಲ | ಸೆಪ್ಟೆಂಬರ್ 15

ಮಾಡಿಸಿರಿ ಸರ್. ನಾವು ಕಾಯುತ್ತೇವೆ. ಅಣ್ಣನೂ ಕೇಳುತ್ತಿರುತ್ತಾನೆ, ತಿಪಟೂರಿನವರದು ಏನಾಯಿತು ಎಂದು.


ಕಲ್ಪತರು ನಾಡಿನವ | ಅಕ್ಟೋಬರ್ 17, ಮಧ್ಯಾಹ್ನ 2:30

ಹನ್ನೆರಡು ಚೂರು ಮಾಮೂಲಿಯಾಗಿ, ಎಂಆರ್‌ಐಯಲ್ಲಿ ಅನುಮಾನ ಬಂದ ಜಾಗದಿಂದ ಇನ್ನೂ ಮೂರು, ಒಟ್ಟು 15. ಎಣಿಸಿದೆ, ಲೆಕ್ಕ ತಪ್ಪಲಿಲ್ಲ. ಮೀಟರ್ ಓದಿದ ಅಭ್ಯಾಸ.

ಒಂಬತ್ತು ದಿನ ಕಾದು ವರದಿ ಪಡೆದೆವು. ಹದಿನಾಲ್ಕು ಚೂರುಗಳಲ್ಲಿ ಏನೂ ಇಲ್ಲ. ಒಂದರಲ್ಲಿ "ಅಟಿಪಿಕಲ್ ಸ್ಮಾಲ್ ಅಸಿನಾರ್ ಪ್ರೊಲಿಫರೇಷನ್" ಎಂದಿದೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಅಲ್ಲ ಎಂದೂ ಹೇಳಲಾಗದು ಎಂದರು ವೈದ್ಯರು. ನನಗೆ ನಿಜವಾಗಿ ನಗು ಬಂತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಕ್ಕೆ. ಇವಳು ನೀರಿನ ಬಾಟಲಿ ಕೊಟ್ಟಳು. ಗಾಜುಪಟ್ಟಿ ಮೇಡಂ, ಇದೇನು ನಿಮ್ಮವರ ಕಥೆ?


ಗಾಜುಪಟ್ಟಿ | ಅಕ್ಟೋಬರ್ 17, ರಾತ್ರಿ 10:15

ನಕ್ಕಿದ್ದು ಸರಿ. ಅದು ಕಾಯಿಲೆಯ ಹೆಸರಲ್ಲ, ನಮ್ಮ ಕೈಲಾಗದ್ದಕ್ಕೆ ನಾವು ಇಟ್ಟುಕೊಂಡಿರುವ ಹೆಸರು.

ಮಂಡಿಯಲ್ಲಿ ರಾಗಿ ಚೀಲಕ್ಕೆ ಚುಚ್ಚುಗೊಳವೆ ಇಳಿಸಿ ಒಂದು ಹಿಡಿ ಹೊರತೆಗೆದು ಗುಣ ಹೇಳುತ್ತಾರಲ್ಲ, ನಾವು ಮಾಡುವುದೂ ಅದೇ. ನಿಮ್ಮ ಒಂದು ಚೂರಿನ ಮೂಲೆಯಲ್ಲಿ ಮೂರೋ ನಾಲ್ಕೋ ಪುಟ್ಟ ಗ್ರಂಥಿಗಳು ಅನುಮಾನ ಬರುವಂತೆ ಕೂತಿವೆ. ಇನ್ನೂ ಹತ್ತು ಇದ್ದಿದ್ದರೆ ಧೈರ್ಯವಾಗಿ ಹೌದು ಅಥವಾ ಅಲ್ಲ ಎನ್ನಬಹುದಿತ್ತು. ಇಷ್ಟು ಕಡಿಮೆಯನ್ನು ನೋಡಿ ಒಬ್ಬ ಮನುಷ್ಯನಿಗೆ ಕ್ಯಾನ್ಸರ್ ಎಂದು ಬರೆಯಲು ಕೈ ಬರುವುದಿಲ್ಲ, ಏನಿಲ್ಲ ಎಂದು ಬರೆದರೆ ರಾತ್ರಿ ನಿದ್ದೆ ಬರುವುದಿಲ್ಲ. ನಿದ್ದೆ ಕೆಡುವವರು ನೀವೊಬ್ಬರೇ ಅಲ್ಲ.

ಈಗ ಮಾಡಬೇಕಾದದ್ದು: ಆಸ್ಪತ್ರೆಯಿಂದ ನಿಮ್ಮ ಚೂರುಗಳಿರುವ ಗಾಜುಪಟ್ಟಿಗಳನ್ನೂ ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆಯಿರಿ. ಪ್ರಾಸ್ಟೇಟ್ ಹೆಚ್ಚು ನೋಡುವ ಇನ್ನೊಬ್ಬ ರೋಗಶಾಸ್ತ್ರಜ್ಞರಿಗೆ ತೋರಿಸಿ. ಸಾಮಾನ್ಯ ಗ್ರಂಥಿಯ ಸುತ್ತ ತಳಕೋಶಗಳ ಒಂದು ಪದರ ಇರುತ್ತದೆ, ಕ್ಯಾನ್ಸರ್‌ನಲ್ಲಿ ಅದು ಇರುವುದಿಲ್ಲ. ಆ ಪದರಕ್ಕೆ ಬಣ್ಣ ಹಿಡಿಸುವ ವಿಶೇಷ ಪರೀಕ್ಷೆ ಇದೆ. ಅನುಮಾನದ ಚೂರು ಆಳಕ್ಕೆ ಕತ್ತರಿಸಿದಾಗ ಮುಗಿದುಹೋಗದಿದ್ದರೆ ಉತ್ತರ ಸಿಗಬಹುದು. ಇದೇ ನಿಮ್ಮ ಚೆಕ್ ಮೀಟರ್. ರಕ್ತಕ್ಕೆ ಬೇಡ ಎಂದಿದ್ದೆ, ಗಾಜುಪಟ್ಟಿಗೆ ಬೇಕು ಎನ್ನುತ್ತೇನೆ.


ಹಾಸನದ ಅಕ್ಕ | ಅಕ್ಟೋಬರ್ 18

ಮೆಟ್ಟಿಲ ಮೇಲೆ ನೀರು ಕೊಟ್ಟವರಿಗೆ ನನ್ನ ನಮಸ್ಕಾರ ತಿಳಿಸಿ. ಅವರಿಗೆ ಊಟ ಸೇರುತ್ತಿದೆಯೇ ಎಂದು ಯಾರಾದರೂ ಕೇಳಿದ್ದೀರಾ?


ಕಲ್ಪತರು ನಾಡಿನವ | ಅಕ್ಟೋಬರ್ 18

ಕೇಳಿದೆ ಅಕ್ಕಾ. ಈಗಷ್ಟೇ. "ಇಷ್ಟು ದಿನಕ್ಕೆ ಕೇಳಿದಿರಲ್ಲ" ಎಂದು ಒಳಗೆ ಹೋದಳು. ಸಂಜೆ ಅವಳಿಗಿಷ್ಟವೆಂದು ಪೇಟೆಯಿಂದ ಮದ್ದೂರು ವಡೆ ತಂದೆ. ಎರಡು ತಿಂದಳು.


ಕಲ್ಪತರು ನಾಡಿನವ | ನವೆಂಬರ್ 20, ಸಂಜೆ 6:10

ಕಾದಿದ್ದವರಿಗೆಲ್ಲ ತಿಳಿಸಬೇಕಿತ್ತು, ತಡವಾಯಿತು. ಬ್ಲಾಕ್‌ಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತಿ ಸುತ್ತಿ ರೈಲಿನಲ್ಲಿ ಬೆಂಗಳೂರಿಗೆ ಒಯ್ದೆವು. ಇವಳು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದಳು. ಎದುರಿಗೆ ಕೂತವರು ಪ್ರಸಾದವೇ ಎಂದು ಕೇಳಿದರು.

ಬಣ್ಣ ಹಿಡಿಸುವ ಪರೀಕ್ಷೆಯಲ್ಲಿ ಆ ಚೂರು ಮುಗಿದುಹೋಗಿತ್ತಂತೆ. ಎರಡನೇ ವೈದ್ಯರೂ ಮೊದಲನೆಯವರ ಮಾತನ್ನೇ ಬರೆದಿದ್ದಾರೆ. ಎರಡೂ ಮೀಟರ್ ತಾಳೆಯಾದವು, ತಕರಾರು ಮುಗಿಯಲಿಲ್ಲ. ಏಪ್ರಿಲ್‌ನಲ್ಲಿ ಮತ್ತೆ ರಕ್ತ, ಎಂಆರ್‌ಐ, ಬೇಕಾದರೆ ಇನ್ನೊಂದು ಬಯಾಪ್ಸಿ. ಹೊಸ ಕ್ಯಾಲೆಂಡರ್ ಇನ್ನೂ ಬಂದಿಲ್ಲವಾದ್ದರಿಂದ ಇವಳು ಹಳೆಯದರ ಹಿಂಬದಿಯಲ್ಲಿ ಬರೆದಿಟ್ಟಿದ್ದಾಳೆ, ಕಾಯಿ ಕೀಳುವವರಿಗೆ ಕೊಡಬೇಕಾದ ಬಾಕಿಯ ಕೆಳಗೆ.

ಶ್ರೀರಂಗಪಟ್ಟಣದವರೇ, ನಮ್ಮ ಮನೆಯ ಬೀಗಗಳಿಗೂ ಎಣ್ಣೆ ಬಿಟ್ಟಾಯಿತು. ಪಂಪ್‌ಸೆಟ್ ಮನೆಯದೊಂದು ಉಳಿದಿದೆ.

ಇವತ್ತು ಇಬ್ಬರೂ ಜೀವಿತ ಪ್ರಮಾಣಪತ್ರ ಕೊಡಲು ಹೋಗಿದ್ದೆವು, ಈ ಸಲ ನಿಜವಾಗಿಯೂ. ಬದುಕಿದ್ದೇನೆ ಎಂದು ಹೆಬ್ಬೆಟ್ಟು ಒತ್ತಬೇಕಲ್ಲ, ತೆಂಗಿನ ನಾರಿನಲ್ಲಿ ಕೆಲಸ ಮಾಡಿ ಸವೆದ ಬೆರಳನ್ನು ಯಂತ್ರ ಗುರುತಿಸಲಿಲ್ಲ. ಒರೆಸಿ ಮತ್ತೆ ಇಟ್ಟೆ, ಇಲ್ಲ ಎಂದಿತು. ಹಿಂದೆ ಸರತಿಯಲ್ಲಿ ಹನ್ನೊಂದು ಜನ ನಿಂತಿದ್ದರು. ಇವಳು ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ನನ್ನ ಹೆಬ್ಬೆರಳನ್ನು ಉಜ್ಜಿದಳು. ಮೂರನೇ ಸಲಕ್ಕೆ ಯಂತ್ರ ಒಪ್ಪಿತು.